ಕ್ಯಾಮೆರಾಕ್ಕೆ ಹಣವಿದೆ, ಬಲ್ಬಿಗಿಲ್ಲ: ನಮ್ಮ ಪುರಸಭೆಯ ರಾತ್ರಿ ಸೇವೆ

ಬೆಲೆಯಿಂದಲೇ ಶುರು ಮಾಡುತ್ತೇನೆ. ಅಂಗಡಿ ಮತ್ತು ಮನೆ, ಎರಡರ ಆಸ್ತಿ ತೆರಿಗೆಯನ್ನೂ ಏಪ್ರಿಲ್ ತಿಂಗಳಲ್ಲೇ ಕಟ್ಟಿಬಿಡುತ್ತೇನೆ; ಶೇ 5ರ ರಿಯಾಯಿತಿ ಬಿಟ್ಟುಕೊಡುವಷ್ಟು ಸಿರಿವಂತಳಲ್ಲ. ತೆರಿಗೆಯ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಅದಲ್ಲದೆ ಉದ್ದಿಮೆ ಪರವಾನಗಿ ಶುಲ್ಕ, ನೀರಿನ ಕಂದಾಯ. ಇಷ್ಟಕ್ಕೆ ಪ್ರತಿಯಾಗಿ ಪುರಸಭೆಯಿಂದ ಸಿಗಬೇಕಾದ ಹಲವು ಸೇವೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ತೂಗಿ ನೋಡುತ್ತಿದ್ದೇನೆ. ರಾತ್ರಿ ಹತ್ತರ ನಂತರ ಔಷಧಿ ಅಂಗಡಿಯ ಬಾಗಿಲು ಎಳೆದ ಹೆಂಗಸೊಬ್ಬಳು ದಿನದ ಹಣವನ್ನು ಬುತ್ತಿ ಚೀಲದಲ್ಲಿಟ್ಟುಕೊಂಡು, ಬಸ್ ನಿಲ್ದಾಣದಿಂದ ಹಳೆಯ ಸಂತೆ ಮೈದಾನ ದಾಟಿ, ನೆಮ್ಮದಿಯಿಂದ ಮನೆ ಸೇರುವಂತೆ ಊರನ್ನು ಇಟ್ಟುಕೊಳ್ಳುವ ಸೇವೆ. (ಈಗ ಹೆಚ್ಚಿನ ಹಣ ಫೋನಿಗೇ ಬರುತ್ತದೆ, ಚೀಲದಲ್ಲಿ ಅನ್ನದ ಡಬ್ಬಿಯೇ ದೊಡ್ಡದು. ಕಳ್ಳರು ಓದುತ್ತಿದ್ದರೆ ತಿಳಿದಿರಲಿ.)

ಊರಿನ ಹೆಸರು ಬೇಡ. ಮಲೆನಾಡಿನ ಅಂಚಿನಲ್ಲಿ 23 ವಾರ್ಡುಗಳ ಪುರಸಭೆ ಎಂದರೆ ಸಾಕು. ನಮ್ಮ ಹಾಗಿರುವ ಊರುಗಳ ಜನ ಇದು ತಮ್ಮದೇ ಊರು ಎಂದುಕೊಂಡರೂ ನನ್ನ ತಕರಾರಿಲ್ಲ.

ಬೀದಿ ದೀಪವನ್ನು ಪುರಸಭೆ ನಮಗೆ ಮಾಡುವ ಉಪಕಾರ ಎಂದುಕೊಂಡವರು ಬಹಳ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 87ನೇ ಕಲಮಿನಲ್ಲಿ ಕಡ್ಡಾಯ ಕರ್ತವ್ಯಗಳ ಪಟ್ಟಿಯಿದೆ. ಸಾರ್ವಜನಿಕ ಬೀದಿಗಳಿಗೆ ಬೆಳಕು ಕೊಡುವುದು ಅದರಲ್ಲೊಂದು. ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯಲ್ಲೂ ಬೀದಿ ದೀಪ ಸ್ಥಳೀಯ ಸಂಸ್ಥೆಯ ಪಾಲಿಗೇ ಬಂದಿದೆ. ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು, ಪುರಸಭೆಯ ಮಾತಿಗೆ ಅಲ್ಲಿ ನಡೆಯುವುದೇನೂ ಇಲ್ಲ. ಹಾಗಾಗಿ ಅಪರಾಧ ತಡೆಯಲು ಪುರಸಭೆಯ ಕೈಯಲ್ಲಿ ನೇರವಾಗಿ ಇರುವ ಸಾಮಗ್ರಿ ಎಂದರೆ ದೀಪ, ಪೊದೆ ಕಡಿಯುವ ಕತ್ತಿ ಮತ್ತು ಪಾಳು ನಿವೇಶನದ ಮಾಲೀಕನಿಗೆ ಕೊಡುವ ನೋಟಿಸು. ಈ ಮೂರರಲ್ಲಿ ಒಂದಕ್ಕೂ ಉದ್ಘಾಟನೆ ಇರುವುದಿಲ್ಲ.

ಉದ್ಘಾಟನೆ ಆದದ್ದು ಕ್ಯಾಮೆರಾಗಳಿಗೆ. ಕೆಲವು ವರ್ಷಗಳ ಹಿಂದೆ, ಸರಗಳ್ಳತನ ಒಂದರ ಹಿಂದೊಂದು ನಡೆದು ಹೆಂಗಸರೆಲ್ಲ ಕತ್ತಿನ ಸುತ್ತ ಸೆರಗು ಸುತ್ತಿಕೊಂಡು ಓಡಾಡುತ್ತಿದ್ದ ದಿನಗಳಲ್ಲಿ, ಸಾಮಾನ್ಯ ಸಭೆ ತುರ್ತಾಗಿ ಸೇರಿ ವಿಶೇಷ ಅನುದಾನದಲ್ಲಿ ಸಿಸಿಟಿವಿ ಹಾಕಿಸಲು ತೀರ್ಮಾನಿಸಿತು. ವೃತ್ತಗಳಲ್ಲಿ ಕಂಬ ಎದ್ದವು. ಠಾಣೆಯಲ್ಲಿ ದೊಡ್ಡ ಪರದೆ ಬಂತು. ಹಾರ, ಶಾಲು, ಪತ್ರಿಕೆಯಲ್ಲಿ ಫೋಟೊ. ಮೊದಲ ವರ್ಷ ಕೆಲಸ ಚೆನ್ನಾಗಿಯೇ ನಡೆಯಿತು, ಅದನ್ನು ಒಪ್ಪುತ್ತೇನೆ. ಹೆಲ್ಮೆಟ್ ಇಲ್ಲದವರಿಗೆ ಮನೆಗೇ ನೋಟಿಸು ಹೋದವು, ಸಂತೆಯ ದಿನ ಜೇಬುಗಳ್ಳತನ ಕಡಿಮೆಯಾಯಿತು ಎಂದು ತರಕಾರಿ ಮಾರುವವರೇ ಹೇಳಿದರು. ಆಮೇಲೆ ಗುತ್ತಿಗೆದಾರನ ನಿರ್ವಹಣೆಯ ಅವಧಿ ಮುಗಿಯಿತು. ಮಳೆಗಾಲದಲ್ಲಿ ಪೆಟ್ಟಿಗೆಗಳಿಗೆ ನೀರು ಹೊಕ್ಕಿತು. ಕೆಟ್ಟದ್ದನ್ನು ಸರಿಮಾಡುವುದು ಯಾರು ಎಂದರೆ ಠಾಣೆಯವರು ಪುರಸಭೆಯ ಕಡೆಗೂ, ಪುರಸಭೆಯವರು ಗುತ್ತಿಗೆದಾರನ ಕಡೆಗೂ ಕೈ ತೋರಿಸಿದರು. ಗುತ್ತಿಗೆದಾರ ಬಾಕಿ ಬಿಲ್ಲಿನ ಕಡೆಗೆ ತೋರಿಸಿದ.

ಕಳೆದ ಮಳೆಗಾಲದಲ್ಲಿ ನಮ್ಮ ಸಾಲಿನ ಮೊಬೈಲ್ ಅಂಗಡಿಯ ಶಟರನ್ನು ಕಳ್ಳರು ಎತ್ತಿದರು. ಎದುರಿನ ವೃತ್ತದ ಕ್ಯಾಮೆರಾ ಆ ರಾತ್ರಿ ಕೆಲಸ ಮಾಡುತ್ತಿತ್ತು, ಆಶ್ಚರ್ಯ. ಆದರೆ ಅದೇ ಕಂಬದ ದೀಪ ಕೆಟ್ಟು ತಿಂಗಳುಗಳಾಗಿತ್ತು. ಪರದೆಯಲ್ಲಿ ಕಂಡದ್ದು ಬೈಕಿನ ಹೆಡ್‌ಲೈಟಿನ ಬಿಳಿ ಉಂಡೆ, ಅದರ ಸುತ್ತ ಕಪ್ಪು. ಪೊಲೀಸರು ಕೊನೆಗೆ ನನ್ನ ಅಂಗಡಿಗೆ ಬಂದು ನಮ್ಮ ಕ್ಯಾಮೆರಾದ ದೃಶ್ಯ ಕೇಳಿದರು. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಬಂದುಹೋಗುವ ಜಾಗಗಳವರು ಕ್ಯಾಮೆರಾ ಹಾಕಿಸಿ 30 ದಿನಗಳ ದೃಶ್ಯ ಇಟ್ಟುಕೊಳ್ಳಬೇಕು. ಡೆಂಗಿಯ ಕಾಲದಲ್ಲೂ ನನ್ನ ಅಂಗಡಿಗೆ ಅಷ್ಟು ಜನ ಬರುವುದಿಲ್ಲ. ಆದರೂ ಸ್ವಂತ ಹಣದಲ್ಲಿ ಹಾಕಿಸಿದ್ದೇನೆ, ಶಟರಿನ ಮೇಲೆ ರಾತ್ರಿಯಿಡೀ ಒಂದು ಬಲ್ಬನ್ನೂ ಉರಿಸುತ್ತೇನೆ. ಅದರಲ್ಲಿ ಕಂಡ ಒಂದು ಬಣ್ಣದ ರೇನ್‌ಕೋಟೇ ಆ ಪ್ರಕರಣದಲ್ಲಿ ಅವರಿಗೆ ಸಿಕ್ಕ ಮೊದಲ ಸುಳಿವು. ಪುರಸಭೆಯ ದುಬಾರಿ ಕ್ಯಾಮೆರಾಕ್ಕೂ ನನ್ನ ಅಗ್ಗದ ಕ್ಯಾಮೆರಾಕ್ಕೂ ಇದ್ದ ವ್ಯತ್ಯಾಸ ಆ ಒಂದು ಬಲ್ಬು.

ಇದನ್ನು ಕೇಳಲೆಂದೇ ಬಜೆಟ್ ಪೂರ್ವಭಾವಿ ಸಭೆಗೆ ಹೋದೆ. ಸಾರ್ವಜನಿಕರ ಸಲಹೆ ಪಡೆಯಲು ಕರೆಯುವ ಸಭೆ; ಉಪ್ಪಿಟ್ಟು, ಕೇಸರಿಬಾತ್ ಚೆನ್ನಾಗಿತ್ತು, ಕಾಫಿ ತೆಳು. ಬಂದವರು ಕಡಿಮೆ. ಬಂದವರಲ್ಲೂ ಹೆಚ್ಚಿನವರು ಮಳಿಗೆ ಬಾಡಿಗೆಯ ಬಾಕಿದಾರರು, ಅವರಿಗೆ ಬೇಕಾದದ್ದು ಬಡ್ಡಿ ಮನ್ನಾ. ನನ್ನ ಸರದಿ ಬಂದಾಗ ಕ್ಯಾಮೆರಾಕ್ಕೆ ಇದ್ದ ಹಣ ದೀಪಕ್ಕೆ ಏಕಿಲ್ಲ ಎಂದು ಕೇಳಿದೆ. ಅಧಿಕಾರಿ ಸಮಾಧಾನದಿಂದಲೇ ಉತ್ತರಿಸಿದರು: “ಕ್ಯಾಮೆರಾ ಬಂಡವಾಳ ವೆಚ್ಚ ಮೇಡಂ, ಅನುದಾನ ಬರುತ್ತದೆ. ಬಲ್ಬು ನಿರ್ವಹಣೆ, ಅದನ್ನು ನಾವೇ ಹೊಂದಿಸಬೇಕು.”

ಆ ಉತ್ತರದ ಬಾಲ ಹಿಡಿದು ಬಜೆಟ್ ಪುಸ್ತಿಕೆ ಓದಿದೆ. ಲೆಕ್ಕ ಬಲ್ಲವರು ಓದಬೇಕಾದ ಪುಸ್ತಿಕೆ ಅದು. ಹಣ ಇಲ್ಲವೆಂದಲ್ಲ, ಹಣಕ್ಕೆಲ್ಲ ಬೀಗ ಹಾಕಿದ ಪೆಟ್ಟಿಗೆಗಳಿವೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದದ್ದನ್ನು ಸಂಬಳಕ್ಕೆ ಮುಟ್ಟುವಂತಿರಲಿಲ್ಲ. ಪುರಸಭೆಯ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎತ್ತಿಡಬೇಕು. ಇದಕ್ಕೆ ನನ್ನ ವಿರೋಧವಿಲ್ಲ, ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯ ಕಾಲೇಜು ಶುಲ್ಕಕ್ಕೆ ನೆರವಾದದ್ದು ಅದೇ ಹಣ. ಆಮೇಲೆ ಉಳಿಯುವುದರಲ್ಲಿ ಹೊರಗುತ್ತಿಗೆ ಕೂಲಿ, ಕಸದ ವಾಹನದ ಡೀಸೆಲ್, ಪಂಪ್‌ಸೆಟ್ ರಿಪೇರಿ. ಕೊನೆಯಲ್ಲಿ, ನಿಂತ ನೀರಿನ ತಳದ ಕೆಸರಿನಂತೆ, ಬೀದಿ ದೀಪದ ಬಿಡಿಭಾಗಗಳು.

ಒಂದು ವಿಚಿತ್ರ ಅಲ್ಲೇ ಬಗೆಹರಿಯಿತು. ನಮ್ಮ ಊರಿನ ಕೋಟೆ ಬೀದಿಯಲ್ಲಿ ನಡುಮಧ್ಯಾಹ್ನವೂ ದೀಪ ಉರಿಯುತ್ತದೆ, ಪಕ್ಕದ ಸಂತೆ ಮೈದಾನದಲ್ಲಿ ರಾತ್ರಿಯೂ ಉರಿಯುವುದಿಲ್ಲ. ವಿದ್ಯುತ್ ಬಿಲ್ಲಿಗೆಂದು ರಾಜ್ಯ ಹಣಕಾಸು ಆಯೋಗದ ಅನುದಾನ ಬೇರೆಯಾಗಿಯೇ ಬರುತ್ತದೆ, ಆ ಹಣ ಹಗಲು ಉರಿದು ಹೋದರೆ ಪುರಸಭೆಯ ಕಿಸೆಗೆ ನೋವಾಗುವುದಿಲ್ಲ. ಟೈಮರ್ ಮತ್ತು ಬಲ್ಬು ಮಾತ್ರ ಸ್ವಂತ ಕಿಸೆಯದ್ದು, ಅವು ಕೆಟ್ಟೇ ಇರುತ್ತವೆ. ಇಷ್ಟಾದರೂ ಬಜೆಟ್ ಮಂಡಿಸಿದ ದಿನ “ಉಳಿತಾಯ ಬಜೆಟ್” ಎಂದೇ ಸುದ್ದಿ ಬಂತು. ಪ್ರತಿ ವರ್ಷವೂ ಹಾಗೆಯೇ ಬರುತ್ತದೆ. ಉಳಿಸಿದ್ದು ಏನನ್ನು ಎಂದು ಸಂತೆ ಮೈದಾನ ದಾಟುವವರಿಗೆ ಗೊತ್ತು.

ದೀಪ ಹಾಕಿದರೆ ಕಳ್ಳತನ ನಿಲ್ಲುತ್ತದೆ ಎಂಬುದು ಹೆಂಗಸರ ಭಯದ ಮಾತು, ಸಾಬೀತಾದದ್ದಲ್ಲ ಎಂದು ಸದಸ್ಯರೊಬ್ಬರು ಸಭೆಯಲ್ಲಿ ನಕ್ಕರು. ಔಷಧಿ ಮಾರುವವಳ ಮುಂದೆ ಸಾಬೀತಿನ ಮಾತು ಎತ್ತಬಾರದಿತ್ತು. ಹೊಸ ಔಷಧಿಯನ್ನು ಚೀಟಿ ಎತ್ತಿ ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ ಪರೀಕ್ಷಿಸುವ ಕ್ರಮವೇ ದೀಪಕ್ಕೂ ಆಗಿದೆ. 2016ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಪರಾಧ ಹೆಚ್ಚಿದ್ದ ಸರ್ಕಾರಿ ವಸತಿ ಸಮುಚ್ಚಯಗಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧಕ್ಕೆ ಮಾತ್ರ ಪ್ರಖರ ದೀಪದ ಗೋಪುರಗಳನ್ನು ಇಟ್ಟರು. ದೀಪ ಬಂದ ಕಡೆ ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧ ಸುಮಾರು ಶೇ 36ರಷ್ಟು ಇಳಿಯಿತು. ನ್ಯೂಯಾರ್ಕ್ ನಮ್ಮ ಊರಲ್ಲ, ಅಲ್ಲಿಯ ಗೋಪುರ ನಮ್ಮ ಬಲ್ಬಲ್ಲ, ಅದೂ ನಿಜ. ಆದರೆ ಕ್ಯಾಮೆರಾಕ್ಕೆ ಮಂಜೂರಾತಿ ಕೊಡುವಾಗ ಇದರ ಅರ್ಧದಷ್ಟು ಸಾಬೀತನ್ನಾದರೂ ಆ ಸದಸ್ಯರು ಕೇಳಿದ್ದರೇ?

ಇನ್ನು ಸೇವೆಯ ಒಳ್ಳೆಯ ಭಾಗ. ಅದು ಒಬ್ಬ ಮನುಷ್ಯ. 23 ವಾರ್ಡುಗಳಿಗೆ ಹೊರಗುತ್ತಿಗೆಯ ಒಬ್ಬ ವೈರ್‌ಮನ್, ಒಬ್ಬ ಸಹಾಯಕ, ಒಂದು ಏಣಿ. ಏಣಿಯನ್ನು ಗೂಡ್ಸ್ ಆಟೋಕ್ಕೆ ಕಟ್ಟಿಕೊಂಡು ಬರುತ್ತಾರೆ. ಆಟೋ ನೀರಿನ ವಿಭಾಗದ ಕೆಲಸಕ್ಕೆ ಹೋದ ದಿನ ಬೆಳಕಿನ ವಿಭಾಗಕ್ಕೆ ರಜೆ. ದೂರು ಕೊಡುವಾಗ “ನಮ್ಮ ಬೀದಿಯ ದೀಪ” ಎಂದರೆ ಅವನಿಗೆ ಕೆಲಸ ಹೆಚ್ಚು. ಕಂಬದ ಸಂಖ್ಯೆ ಹೇಳಿ, ದೀಪ ಪೂರ್ತಿ ಆರಿದೆಯೋ ಮಿಟುಕಿಸುತ್ತಿದೆಯೋ ಹೇಳಿ. ಮಿಟುಕಿಸುವುದಾದರೆ ಹೆಚ್ಚಾಗಿ ತಂತಿಯ ಜೋಡಣೆ ಸಡಿಲವಿರುತ್ತದೆ, ಹೊಸ ದೀಪದ ಬಿಲ್ಲಿಗೆ ಕಾಯದೆ ಅವನೇ ಸರಿಮಾಡಿ ಹೋಗುತ್ತಾನೆ. ಇದನ್ನು ನನಗೆ ಕಲಿಸಿದವನೂ ಅವನೇ. ಕೈಗವಸು ಕೇಳಿದ್ದಾನೆ, ಸಿಕ್ಕಿಲ್ಲ. ಒಮ್ಮೆ ಅಂಗೈ ಸುಟ್ಟುಕೊಂಡು ಮುಲಾಮಿಗೆ ಬಂದಿದ್ದ. “ಅಕ್ಕಾ, ಬಲ್ಬು ಸ್ಟಾಕ್ ಇಲ್ಲ ಎಂದು ಬೈಗುಳ ತಿನ್ನುವವನು ನಾನು, ಟೆಂಡರ್ ಕರೆಯುವವರು ಬೇರೆ” ಎಂದ. ಹಣ ತೆಗೆದುಕೊಳ್ಳಲಿಲ್ಲ ನಾನು.

ರಾತ್ರಿ ಬೀಟಿನ ಪೊಲೀಸರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಬರುತ್ತಾರೆ, ಬ್ಯಾಂಕಿನ ಹತ್ತಿರದ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಟಾರ್ಚ್ ಅವರದ್ದೇ.

ಅಂಕ ಕೊಡುವುದಾದರೆ ವೈರ್‌ಮನ್‌ಗೆ ಐದಕ್ಕೆ ಐದು. ಕ್ಯಾಮೆರಾಗಳಿಗೆ ಎರಡು, ಅದೂ ಸಂತೆಯ ದಿನದ ಹಗಲಿನ ಕೆಲಸಕ್ಕೆ. ಬಜೆಟ್ ಪುಸ್ತಿಕೆಗೆ ಒಂದು. ಈ ಸೇವೆಯನ್ನು ಬದಲಿಸಿ ಬೇರೆಯವರಿಂದ ಪಡೆಯುವ ಅವಕಾಶ ಗ್ರಾಹಕರಿಗೆ ಇಲ್ಲವಾದ್ದರಿಂದ, ನಿಮ್ಮ ಪುರಸಭೆಯ ಪೂರ್ವಭಾವಿ ಸಭೆಯ ಪ್ರಕಟಣೆಯನ್ನು ಪತ್ರಿಕೆಯ ಒಳಪುಟದಲ್ಲಿ ಹುಡುಕಿ ಹೋಗಿ ಎಂದಷ್ಟೇ ಹೇಳಬಲ್ಲೆ. ಅಲ್ಲಿ ಹೊಸದೇನನ್ನೂ ಕೇಳಬೇಡಿ. ಇದ್ದದ್ದರ ನಿರ್ವಹಣೆಗೆ ಎಷ್ಟು ಇಟ್ಟಿದ್ದಾರೆ, ಕಳೆದ ವರ್ಷ ಇಟ್ಟದ್ದರಲ್ಲಿ ಎಷ್ಟು ಖರ್ಚಾಯಿತು ಎಂಬ ಎರಡು ಪ್ರಶ್ನೆಗಳು ಸಾಕು. ನಾನಂತೂ ಈ ಸಲ ಎರಡನೇ ಏಣಿಯನ್ನೂ, ಒಂದು ಜೊತೆ ರಬ್ಬರ್ ಕೈಗವಸನ್ನೂ ಲಿಖಿತವಾಗಿ ಕೇಳುತ್ತೇನೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬರುತ್ತೇನೆ.