ಹಂಗೇರಿ ಹಬ್ಬ: ಮೊಹಾಚ್‌ಗೋ, ಡೆಬ್ರೆಟ್ಸೆನ್‌ಗೋ?

ವರ್ಷಕ್ಕೊಂದೇ ಹಬ್ಬ ನೋಡಲು ಸಾಧ್ಯ ಅಂದರೆ ನಾನು ಹಂಗೇರಿಯ ಮೊಹಾಚ್ ಊರಿನದು ಎನ್ನುತ್ತೇನೆ. ಚಳಿ ತಡೆಯುವವರಿಗೆ ಮಾತ್ರ!

ಅಲ್ಲಿನ ಬೂಶೋಯಾರಾಶ್ ಎಂಬ ಮುಖವಾಡದ ಹಬ್ಬ ನಡೆಯುವುದು ಚಳಿಗಾಲದ ಕೊನೆಗೆ, ಹೆಚ್ಚಾಗಿ ಫೆಬ್ರವರಿಯಲ್ಲಿ. ಈಸ್ಟರ್ ಲೆಕ್ಕದ ಮೇಲೆ ದಿನ ಬದಲಾಗುತ್ತೆ, ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ. ಕುರಿಚರ್ಮದ ಉಡುಪು, ವಿಲೋ ಮರದಲ್ಲಿ ಕೆತ್ತಿದ ಕೊಂಬಿನ ಮುಖವಾಡ ತೊಟ್ಟವರು ಡ್ಯಾನ್ಯೂಬ್ ನದಿ ದಾಟಿ ದೋಣಿಯಲ್ಲಿ ಬರುತ್ತಾರೆ. ಕೈಯಲ್ಲಿ ಕಟಕಟ ಸದ್ದು ಮಾಡುವ ಮರದ ಗಿಲಕಿ. ಹಿಂದೆ ಮುಖವಾಡಕ್ಕೆ ಬಣ್ಣ ಹಚ್ಚುತ್ತಿದ್ದುದು ಪ್ರಾಣಿಗಳ ರಕ್ತದಿಂದ! ಈ ವೇಷದಲ್ಲೇ ತುರ್ಕರನ್ನು ಹೆದರಿಸಿ ಓಡಿಸಿದ ಕಥೆಯನ್ನೂ ಊರವರು ಹೇಳುತ್ತಾರೆ. ಕೊನೆಗೆ ಚೌಕದಲ್ಲಿ ದೊಡ್ಡ ಬೆಂಕಿ ಹಾಕಿ, ಚಳಿಗಾಲದ ಶವಪೆಟ್ಟಿಗೆಯನ್ನು ಸುಡುತ್ತಾರೆ. 2009ರಲ್ಲಿ ಈ ಹಬ್ಬ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆ ಪಟ್ಟಿಗೂ ಸೇರಿತು.

ಡೆಬ್ರೆಟ್ಸೆನ್‌ನದು ಬೇರೆಯೇ ಲೋಕ. ಆಗಸ್ಟ್ 20, ರಾಷ್ಟ್ರೀಯ ಹಬ್ಬದ ದಿನ, ಹೂವಿನಿಂದ ಮುಚ್ಚಿದ ರಥಗಳ ಮೆರವಣಿಗೆ. 1966ರಿಂದ ಶುರುವಾದದ್ದು. ದಿನಾಂಕ ಗ್ಯಾರಂಟಿ, ಮಕ್ಕಳು ಹೆದರಲ್ಲ, ಅಜ್ಜಿ-ತಾತನಿಗೂ ಸುಲಭ. ಬಿಸಿಲು ಮಾತ್ರ ಜಾಸ್ತಿ, ಟೋಪಿ ಬೇಕೇ ಬೇಕು. ಬಿಡುವಿದ್ದರೆ 1849ರಲ್ಲಿ ಹಂಗೇರಿಯನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ದೊರೆಗಳನ್ನು ಪದಚ್ಯುತಗೊಳಿಸಿದ ಘೋಷಣೆ ಮೊಳಗಿದ ದೊಡ್ಡ ಚರ್ಚನ್ನೂ ನೋಡಬಹುದು.

ಪುಟ್ಟ ಮಕ್ಕಳಿದ್ದರೆ ಡೆಬ್ರೆಟ್ಸೆನ್. ಇಲ್ಲವಾ? ಉಣ್ಣೆ ಕೋಟು ಎತ್ತಿಕೊಂಡು ಮೊಹಾಚ್‌ಗೆ ನಡೀರಿ.