ಬಿಟ್ಟರೆ ಸಾಕು ಅಂದರು, ಬಿಟ್ಟೆ, ಬಿಟ್ಟೇ ಹೋಯಿತು

ಹಳೆಯ ಹಾಯಿದೋಣಿ ಕೊಳ್ಳುವ ಯೋಚನೆ ಇರುವವರು ಇದನ್ನು ಓದಿ. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯವರು ಖಂಡಿತ ಓದಿ. ಯಾಕೆಂದರೆ ನನಗೆ ದೋಣಿ ಮಾರಿದ ಆ ಮನುಷ್ಯ ಈ ಕಡೆಯವರೇ. ಹೆಸರು ಹಾಕುವುದಿಲ್ಲ. ಹಾಕಬೇಕು ಅಂತ ಬೆರಳು ತುರಿಸುತ್ತಿದೆ, ಆದರೆ ಮನೆಯಲ್ಲಿ ಬೇಡ ಅಂದಿದ್ದಾರೆ.

ಮೊದಲು ನನ್ನ ಮರ್ಯಾದೆ ನಾನೇ ಕಳೆದುಕೊಳ್ಳುತ್ತೇನೆ. ನಾನು ಹೊಸಬ ಅಲ್ಲ. ಗಲ್ಫಿನಲ್ಲಿ ಹದಿನಾರು ವರ್ಷ ಇದ್ದೆ. ರಜೆಯ ದಿನ ಬೇರೆಯವರ ದೋಣಿಯಲ್ಲಿ ಹೋಗಿ ಹೋಗಿ ಹಾಯಿ ಎತ್ತುವುದು, ಗಾಳಿ ನೋಡುವುದು, ಲಂಗರು ಹಾಕುವುದು ಎಲ್ಲ ಕಲಿತೆ. ಲಂಗರು ಯಾವಾಗಲೂ ತಯಾರಿರಬೇಕು ಅಂತ ಅಲ್ಲಿ ಬೈಸಿಕೊಂಡೇ ಕಲಿತದ್ದು. ಅಂಥ ನನಗೇ ಟೋಪಿ ಬಿತ್ತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ದೋಣಿ ಹದಿನೆಂಟು ಅಡಿಯದ್ದು, ಫೈಬರ್. ಒಂದು ದೊಡ್ಡ ಹಾಯಿ, ಒಂದು ಮುಂದಿನ ಹಾಯಿ, ಹಿಂದೆ ಚಿಕ್ಕ ಪೆಟ್ರೋಲ್ ಮೆಷಿನ್. ಫೋಟೋ ಕಳಿಸಿದ್ದರು. ಏಳು ಫೋಟೋ, ಅದರಲ್ಲಿ ಮೂರು ಲಂಗರಿನದ್ದು! ದೋಣಿಯ ಮೂತಿಯಲ್ಲಿ, ಲಂಗರಿನ ಹಗ್ಗ ಜಾರುವ ರೋಲರ್ ಮೇಲೆ ಬೆಳ್ಳಿ ಬಣ್ಣದ ಲಂಗರು ಮಲಗಿದೆ, ಬಿಸಿಲಿಗೆ ಹೊಳೆಯುತ್ತಿದೆ. ಕೆಳಗೆ ಬರೆದಿದ್ದರು: 'ಲಂಗರು, 6 ಮೀಟರ್ ಚೈನು, 40 ಮೀಟರ್ ಹಗ್ಗ, ಎಲ್ಲ ಸೇರಿ.' ನಾನು ಮರುಳಾದದ್ದು ಅಲ್ಲೇ. ಲಂಗರಿಗೆ ಇಷ್ಟು ಗಮನ ಕೊಡುವ ಮನುಷ್ಯ ಉಳಿದದ್ದನ್ನೂ ಚೆನ್ನಾಗಿ ಇಟ್ಟಿರುತ್ತಾನೆ ಅಂದುಕೊಂಡೆ.

ನೋಡಲು ಹೋದೆ. ಚಹಾ ಕೊಟ್ಟರು, ಬಾಳೆಹಣ್ಣಿನ ಪೋಡಿ ಕೊಟ್ಟರು. ಹಾಯಿ ಬಿಡಿಸಿ ನೋಡಿದೆ, ಹೊಲಿಗೆ ನೋಡಿದೆ, ಮೆಷಿನ್ ಎಳೆದು ಸ್ಟಾರ್ಟ್ ಮಾಡಿದೆ. ಲಂಗರಿನ ಹತ್ತಿರ ಬಂದು ಕೇಳಿಯೂ ಕೇಳಿದೆ. ಇದನ್ನು ಗಮನಿಸಿ, ನಾನು ಕೇಳಿದ್ದೇನೆ. "ಹಗ್ಗದ ಕೊನೆ ಒಳಗೆ ಕಟ್ಟಿದ್ದೀರಲ್ಲ?"

ಅವರು ಮೂತಿಯಲ್ಲಿ ಹಗ್ಗ ತುಂಬಿಡುವ ಗೂಡಿನ ಮುಚ್ಚಳದ ಮೇಲೆ ಎರಡು ಸಲ ತಟ್ಟಿದರು. "ಎಲ್ಲ ರೆಡಿ ಉಂಟು. ನೀವು ಎಂತ ಮಾಡುವುದೂ ಬೇಡ. ಬಿಟ್ಟರೆ ಸಾಕು."

ಆ ಮುಚ್ಚಳ ಎತ್ತಲು ನನಗೆ ಅರ್ಧ ನಿಮಿಷ ಸಾಕಿತ್ತು. ಎತ್ತಲಿಲ್ಲ. ಚಹಾ ಕುಡಿದ ಮನೆಯಲ್ಲಿ ಹಗ್ಗ ಎಳೆದು ಹಾಕಿ ಪರೀಕ್ಷೆ ಮಾಡುವುದಕ್ಕೆ ನಾಚಿಕೆ. ನಮ್ಮ ಕಡೆ ಇದೊಂದು ರೋಗ ಅಲ್ವಾ? ಲಕ್ಷಗಟ್ಟಲೆ ಕೊಡುವಾಗ ಸಂಕೋಚ, ಹತ್ತು ರೂಪಾಯಿಯ ಬಸಳೆಗೆ ಮಾತ್ರ ಚೌಕಾಸಿ.

ದುಡ್ಡು ಕೊಟ್ಟೆ. ದೋಣಿ ಮಂಜೇಶ್ವರಕ್ಕೆ ಬಂತು.

ಜನವರಿಯ ಒಂದು ಭಾನುವಾರ. ಜೊತೆಗೆ ಅಕ್ಕನ ಮಗ. ಬೆಳಿಗ್ಗೆ ಭೂಮಿ ಕಡೆಯಿಂದ ಗಾಳಿ, ಸುಖವಾಗಿ ಹೊರಗೆ ಹೋದೆವು. ದಡದಿಂದ ಎರಡು ಮೂರು ಕಿಲೋಮೀಟರ್ ಹೊರಗೆ ಸುಮ್ನೆ ಸುತ್ತಾಡಿದೆವು. ಬುತ್ತಿ ತಿಂದೆವು. ಮಧ್ಯಾಹ್ನದ ಮೇಲೆ ಎಂದಿನ ಹಾಗೆ ಗಾಳಿ ತಿರುಗಿತು, ವಾಯವ್ಯದಿಂದ ಕಡಲಗಾಳಿ ಜೋರಾಯಿತು. ವಾಪಸು ಹೊರಟೆವು.

ಉಪ್ಪಳ ಹೊಳೆಯ ಅಳಿವೆ ನೋಡಿದವರಿಗೆ ಗೊತ್ತು. ಬಂದರಿಗಾಗಿ ಎರಡೂ ಕಡೆ ಕಡಲಿಗೆ ಕಲ್ಲಿನ ಗೋಡೆ ಹಾಕಿದ್ದಾರೆ, ನಡುವಿನಿಂದ ಒಳಗೆ ಬರಬೇಕು. ಆ ಹೊತ್ತಿಗೆ ನೀರು ಇಳಿಯುತ್ತಿತ್ತು. ಹೊಳೆಯ ನೀರು ಹೊರಗೆ, ಗಾಳಿ ಒಳಗೆ. ಎರಡೂ ಎದುರುಬದುರಾದರೆ ತೆರೆ ನೆಟ್ಟಗೆ ನಿಲ್ಲುತ್ತದೆ, ಮೊಂಡಾಗಿ. ಅದಕ್ಕೇ ಹಾಯಿ ಇಳಿಸಿ ಕಟ್ಟಿ, ಮೆಷಿನ್ ಹಾಕಿಕೊಂಡು ಬರುತ್ತಿದ್ದೆವು.

ಗೋಡೆಯ ಬಾಯಿಗೆ ಬರುವಾಗ ಮೆಷಿನ್ ಕೆಮ್ಮಿತು. ನಿಂತಿತು.

ಇದು ನನ್ನ ತಪ್ಪು, ಒಪ್ಪುತ್ತೇನೆ. ಹಾಯಿಯಲ್ಲಿ ದೋಣಿ ವಾಲುವಾಗ ಪೆಟ್ರೋಲ್ ಚೆಲ್ಲಬಾರದು ಅಂತ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಮುಚ್ಚಿದ್ದೆ. ತೆರೆಯಲು ಮರೆತೆ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಓಡಿ ಸಾಯುತ್ತದೆ. ಇದು ನನಗೆ ಹೊಳೆದದ್ದು ಸಂಜೆ, ಮನೆಯಲ್ಲಿ, ಸ್ನಾನ ಮಾಡುವಾಗ.

ಆದರೆ ಲಂಗರು ಇರುವುದೇ ಇಂಥ ಹೊತ್ತಿಗಲ್ಲವೇ? ಮೆಷಿನ್ ನಿಲ್ಲುತ್ತದೆ. ಎಲ್ಲರ ಮೆಷಿನ್ನೂ ಒಂದು ದಿನ ನಿಲ್ಲುತ್ತದೆ. ಗಾಳಿ ಕಲ್ಲಿನ ಕಡೆಗೆ ತಳ್ಳುತ್ತಿದೆ. ಹಾಯಿ ಬಿಚ್ಚಿ ಎತ್ತುವಷ್ಟು ಜಾಗ ಇಲ್ಲ. ಆಗ ಲಂಗರು ಬಿಟ್ಟು ದೋಣಿಯನ್ನು ಹಿಡಿದು ನಿಲ್ಲಿಸಬೇಕು, ಆಮೇಲೆ ತಣ್ಣಗೆ ಕುಳಿತು ಸ್ಕ್ರೂ ಹುಡುಕಬೇಕು. ಅದು ಕ್ರಮ. ನನಗೆ ಗಾಬರಿಯೂ ಆಗಲಿಲ್ಲ, ನಿಜ ಹೇಳುತ್ತೇನೆ. ಎಲ್ಲ ರೆಡಿ ಉಂಟಲ್ಲ, ಬಿಟ್ಟರೆ ಸಾಕಲ್ಲ.

ಮುಂದೆ ಓಡಿದೆ. ಲಂಗರನ್ನು ರೋಲರಿಗೆ ಬಿಗಿದದ್ದು ಯಾವುದರಿಂದ ಗೊತ್ತಾ? ಕೇಬಲ್ ಟೈ. ವಯರುಗಳನ್ನು ಕಟ್ಟುತ್ತಾರಲ್ಲ, ಆ ಪ್ಲಾಸ್ಟಿಕ್ ಪಟ್ಟಿ. ಒಂದಲ್ಲ, ನಾಲ್ಕು. ಫೋಟೋದಲ್ಲಿ ಅಲುಗಾಡದೆ ಚಂದ ಕಾಣಲಿ ಅಂತ ಕಟ್ಟಿದ್ದು. ಆ ಪಟ್ಟಿ ಬಿಚ್ಚಲು ಬರುವುದಿಲ್ಲ, ಕತ್ತರಿಸಲೇಬೇಕು. ನಾಲ್ಕು ವಾರ ದೋಣಿ ನನ್ನ ಹತ್ತಿರ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲವಾ? ಬಿದ್ದಿತ್ತು. ಆಮೇಲೆ ತೆಗೆದರಾಯಿತು ಅಂತ ಬಿಟ್ಟಿದ್ದೆ. ಸೌತೆಕಾಯಿ ಹೆಚ್ಚಲು ತಂದ ಚಾಕುವಿನಿಂದ ಹುಡುಗ ಕೊಯ್ದ. ಒಂದು, ಎರಡು, ಮೂರು. ಅಷ್ಟರಲ್ಲಿ ಕಲ್ಲು ಅರ್ಧಕ್ಕರ್ಧ ಹತ್ತಿರ ಬಂದಿತ್ತು.

ಲಂಗರು ಬಿಟ್ಟೆ. ನೀರಿಗೆ ಬಿತ್ತು. ಹಗ್ಗ ಮುಚ್ಚಳದ ತೂತಿನಿಂದ ಹೊರಗೆ ಓಡತೊಡಗಿತು.

ಅಲ್ಲಿ ಆಳ ಆರು ಮೀಟರ್ ಅಂದುಕೊಳ್ಳಿ. ಮೂತಿಯ ಎತ್ತರ ಒಂದು ಮೀಟರ್ ಸೇರಿಸಿದರೆ ಏಳು. ಲಂಗರು ಹಿಡಿಯಬೇಕಾದರೆ ಅದರ ಐದು ಪಟ್ಟಾದರೂ ಹಗ್ಗ ಬಿಡಬೇಕು, ಗಾಳಿ ಜೋರಿದ್ದರೆ ಏಳು ಪಟ್ಟು. ಹಗ್ಗ ಕಡಿಮೆಯಾದರೆ ಎಳೆತ ಮೇಲಕ್ಕೆ ಬೀಳುತ್ತದೆ, ಲಂಗರು ಮರಳಿನಿಂದ ಕಿತ್ತು ಬರುತ್ತದೆ. ಹಗ್ಗ ಉದ್ದಕ್ಕೆ ಮಲಗಿದರೆ ಎಳೆತ ಅಡ್ಡಕ್ಕೆ, ಆಗ ಅದರ ಹಲ್ಲು ಮರಳಿಗೆ ಇಳಿಯುತ್ತದೆ. ಅದಕ್ಕೇ ನಾನು ಹಗ್ಗವನ್ನು ಕೈಯಲ್ಲಿ ಸಡಿಲವಾಗಿ ಹಿಡಿದು ಬಿಡುತ್ತಾ ಹೋದೆ. ಮೂವತ್ತೈದು ಆಗಲಿ, ಆಮೇಲೆ ಕ್ಲೀಟಿಗೆ, ಅಂದರೆ ಹಗ್ಗ ಬಿಗಿಯುವ ಕೊಂಬಿಗೆ, ಸುತ್ತುತ್ತೇನೆ ಅಂತ. ನಲವತ್ತು ಉಂಟಲ್ಲ. ಕೊನೆ ಕಟ್ಟಿ ಉಂಟಲ್ಲ.

ಕೈಯಲ್ಲಿ ಹಗ್ಗ ಓಡುತ್ತಿತ್ತು. ಆಮೇಲೆ ಕೈಯಲ್ಲಿ ಏನೂ ಇರಲಿಲ್ಲ.

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಕೈ ಹಾಗೇ ಹಿಡಿದುಕೊಂಡಿದ್ದೆ, ಬರೀ ಗಾಳಿಯನ್ನು. ಹಗ್ಗದ ಕೊನೆ ರೋಲರಿನ ಮೇಲಿಂದ ಟಪ್ ಅಂತ ಹಾರಿ ನೀರಿಗೆ ಬಿದ್ದದ್ದು ಕಂಡಿತು. ಕೊನೆಯನ್ನು ಬೆಂಕಿಗೆ ಹಿಡಿದು ನೀಟಾಗಿ ಕರಗಿಸಿದ್ದರು. ಗಂಟಿಲ್ಲ, ಕಟ್ಟಿದ ಗುರುತೂ ಇಲ್ಲ. ಅದನ್ನು ಯಾವತ್ತೂ ಯಾವುದಕ್ಕೂ ಕಟ್ಟಿಯೇ ಇರಲಿಲ್ಲ. ಬಾವಿಗೆ ಕೊಡಪಾನ ಇಳಿಸುವವರೂ ಹಗ್ಗದ ಈ ಕಡೆಯನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಾರೆ!

ಹುಡುಗ ನನ್ನ ಮುಖ ನೋಡಿದ. "ಮಾವ, ಅದು ಹೋದದ್ದಾ?" ಅಂದ. ಆ ಪ್ರಶ್ನೆ ಈಗಲೂ ರಾತ್ರಿ ಎಬ್ಬಿಸುತ್ತದೆ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಚುಕ್ಕಾಣಿ ಕಲ್ಲಿಗೆ ಬಡಿದು ಮುರಿಯಿತು. ಎರಡನೆಯ ಸಲ ಬಡಿಯುವ ಮೊದಲು ಬಲೆ ಹಾಕಿ ವಾಪಸು ಬರುತ್ತಿದ್ದ ಒಂದು ಮೀನುದೋಣಿಯವರು ಹಗ್ಗ ಎಸೆದು ಎಳೆದರು. ಅವರ ಕಾಲಿಗೆ ಬೀಳಬೇಕು. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಒಬ್ಬರು ನಮ್ಮ ಖಾಲಿ ಮೂತಿ ನೋಡಿ ತುಳುವಿನಲ್ಲಿ ಕೇಳಿದರು, "ಲಂಗರ್ ಓಲುಂಡು ಮಾರಾಯ್ರೆ?" ಲಂಗರು ಎಲ್ಲಿ ಉಂಟು ಅಂತ. ನಾನು ನೀರಿನ ಕಡೆ ಬೆರಳು ತೋರಿಸಿದೆ. ಎಲ್ಲರೂ ನಕ್ಕರು. ನಗುವಂಥದ್ದೇ.

ಮರುದಿನ ಅವರೇ ಫೋನ್ ಮಾಡಿದರು, ಲಂಗರು ಸಿಕ್ಕಿದೆ ಅಂತ. ಹೇಗೆ ಸಿಕ್ಕಿತು ಕೇಳಿ. ಹಗ್ಗ ತೇಲುತ್ತಿತ್ತಂತೆ. ನೀಲಿ ಪ್ಲಾಸ್ಟಿಕ್ ಹಗ್ಗ, ಪೆಟ್ಟಿಗೆ ಕಟ್ಟುವಂಥದ್ದು. ಅದು ನೀರಿಗಿಂತ ಹಗುರ, ಮುಳುಗುವುದಿಲ್ಲ. ಲಂಗರಿಗೆ ಬೇಕಾದದ್ದು ನೈಲಾನ್. ಅದು ಮುಳುಗುತ್ತದೆ, ತೆರೆ ಎತ್ತಿ ಜಗ್ಗುವಾಗ ಸ್ವಲ್ಪ ಹಿಗ್ಗಿ ಪೆಟ್ಟು ತಾಳುತ್ತದೆ. ಈ ನೀಲಿಯದ್ದು ಹಿಗ್ಗುವುದು ಕಡಿಮೆ, ಬಿಸಿಲಿಗೆ ಪುಡಿಪುಡಿ. ಬಂದರಿನ ಬಾಯಲ್ಲಿ ರಾತ್ರಿ ಇಡೀ ತೇಲಿದೆ. ಯಾರದಾದರೂ ಪ್ರೊಪೆಲ್ಲರಿಗೆ ಸುತ್ತಿದ್ದರೆ ಆ ಪಾಪವೂ ನನ್ನ ತಲೆಗೆ.

ಟೇಪ್ ಹಿಡಿದು ಅಳೆದೆ. 22 ಮೀಟರ್. ಅದೂ ಎರಡು ತುಂಡು, ನಡುವೆ ಗಂಟು. ಬರೆದದ್ದು 40. ಚೈನು ಒಂದು ಮೀಟರಿಗೂ ಕಡಿಮೆ, ನಾಯಿ ಕಟ್ಟುವ ಸಂಕೋಲೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಬರೆದದ್ದು 6. ಚೈನಿನ ಭಾರವೇ ಹಗ್ಗದ ತುದಿಯನ್ನು ತಳಕ್ಕೆ ಒತ್ತಿ ಹಿಡಿಯುವುದು. ಇದು ಯಾರನ್ನು ಒತ್ತುತ್ತದೆ? ಇನ್ನೂ ಒಂದು. ಲಂಗರಿಗೂ ಚೈನಿಗೂ ನಡುವಿನ ಕೊಂಡಿಯ, ಅಂದರೆ ಶ್ಯಾಕಲ್‌ನ ಪಿನ್ನು ಬೆರಳಲ್ಲಿ ತಿರುಗುತ್ತಿತ್ತು. ಆ ಪಿನ್ನು ಸಡಿಲವಾಗದ ಹಾಗೆ ತೆಳ್ಳಗಿನ ತಂತಿ ಸುತ್ತಬೇಕು, ಎಲ್ಲರಿಗೂ ಗೊತ್ತಿರುವ ವಿಷಯ. ತಂತಿ ಇರಲಿಲ್ಲ. ಅಂದರೆ ಕೊನೆ ಕಟ್ಟಿದ್ದರೂ ಇನ್ನೊಂದು ದಿನ ಲಂಗರು ಅಲ್ಲಿಂದ ಕಳಚಿ ಹೋಗುತ್ತಿತ್ತು. ಎರಡು ತುದಿಯೂ ಸುಳ್ಳು.

ಆ ಮನುಷ್ಯರಿಗೆ ಫೋಟೋ ಕಳಿಸಿದೆ. ಟೇಪಿನ ಸಮೇತ. ನೀಲಿ ಗೀಟು ಬಂತು, ಓದಿದ್ದಾರೆ. ಎರಡು ದಿನ ಮಾತಿಲ್ಲ. ಫೋನ್ ಮಾಡಿದೆ. ಅವರ ಮಾತುಗಳನ್ನು ಹಾಗೇ ಬರೆಯುತ್ತೇನೆ.

"ದೋಣಿ ಮುಳುಗಿತಾ? ಇಲ್ಲವಲ್ಲ. ಮತ್ತೆಂತದು?"

ಹಗ್ಗದ ಕೊನೆ ಕಟ್ಟಿರಲಿಲ್ಲ ಅಂದೆ.

"ಲಂಗರು ಉಂಟು ಅಂದೆ. ಹಗ್ಗ ಉಂಟು ಅಂದೆ. ಎರಡೂ ಇತ್ತಲ್ಲ? ಕಟ್ಟಿ ಕೊಡ್ತೇನೆ ಅಂತ ನಾನು ಎಲ್ಲಿ ಬರೆದಿದ್ದೇನೆ, ತೋರಿಸಿ."

ಬರೆದಿರಲಿಲ್ಲ. ಬಾಯಲ್ಲಿ ಹೇಳಿದ್ದು. ನಲವತ್ತು ಮೀಟರ್ ಅಂತ ಬರೆದಿದ್ದೀರಲ್ಲ ಅಂದೆ.

"ಹಗ್ಗ ನೆನೆದರೆ ಕುಗ್ಗುತ್ತದೆ."

ಹದಿನೆಂಟು ಮೀಟರ್ ಕುಗ್ಗುತ್ತದಾ ಸ್ವಾಮಿ? ಪ್ಲಾಸ್ಟಿಕ್ ಹಗ್ಗ? ಇದನ್ನು ಹೇಳುವಾಗ ನನ್ನ ಸ್ವರ ಏರಿತು. ಅವರದ್ದು ಏರಲೇ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

"ನೋಡಿ, ನೀವೇ ಹೇಳಿದಿರಿ ಮೆಷಿನ್ ನಿಂತದ್ದು ಸ್ಕ್ರೂ ಮರೆತು ಅಂತ. ಮೆಷಿನ್ ನಿಲ್ಲದಿದ್ದರೆ ಲಂಗರು ಯಾರಿಗೆ ಬೇಕಿತ್ತು? ಮತ್ತೆ, ನೀವು ಗಲ್ಫಿನಲ್ಲಿ ಕಲಿತವರು. ನಾನು ನಿಮಗೆ ಹೇಳುವುದಾ?"

ಈ ಕೊನೆಯ ಮಾತು ನಾಟಿತು. ಯಾಕೆಂದರೆ ಚಹಾ ಕುಡಿಯುವಾಗ ಗಲ್ಫಿನ ಕಥೆ ಬಿಟ್ಟದ್ದು ನಾನೇ, ಅರ್ಧ ಗಂಟೆ. ಅವರು ತಲೆ ಆಡಿಸುತ್ತಾ ಕೇಳಿದ್ದರು. ನಾನು ಅವರನ್ನು ಅಳೆಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ನನ್ನನ್ನು ಅಳೆದು ಮುಗಿಸಿದ್ದರು.

ಸಂಜೆ ಒಂದು ಮೆಸೇಜ್ ಬಂತು. ಸ್ವಲ್ಪ ದುಡ್ಡು ವಾಪಸು ಕೊಡುತ್ತಾರೋ ಏನೋ ಅಂತ ತೆರೆದೆ. 'ಒಳ್ಳೆ ಲಂಗರು ಒಂದು ಉಂಟು, ಚೈನು ಸಮೇತ. ನಿಮಗಾದರೆ ಒಂಬತ್ತು ಸಾವಿರ.' ಕೆಳಗೆ ಕೈಮುಗಿದ ಚಿತ್ರ.

ಚುಕ್ಕಾಣಿಗೆ ಹದಿನಾಲ್ಕು ಸಾವಿರ ಆಯಿತು. ನೈಲಾನ್ ಹಗ್ಗ, ಚೈನು, ಶ್ಯಾಕಲ್ಲು ಬೇರೆ.

ಕೊಳ್ಳುವವರು ಏನು ಮಾಡಬೇಕು? ಮುಚ್ಚಳ ಎತ್ತಿ. ದುಡ್ಡು ಕೊಡುವ ಮೊದಲು, ಅವರ ಎದುರಿಗೇ, ಲಂಗರು ಬಿಟ್ಟು ಹಗ್ಗವನ್ನು ಕೊನೆಯವರೆಗೆ ಅಂಗಳಕ್ಕೆ ಎಳೆದು ಹಾಕಿ. ಕೊನೆ ಕೈಗೆ ಬಂದರೆ ಎದ್ದು ಬನ್ನಿ, ಚಹಾ ಬಿಟ್ಟು ಬನ್ನಿ. ಕೊನೆಯನ್ನು ಒಳಗೆ ಗಟ್ಟಿ ಕೊಂಡಿಗೆ ಬಲವಾದ ಸಣ್ಣ ಹುರಿಯಿಂದ ಕಟ್ಟಿರಬೇಕು. ಹುರಿ ಮುಚ್ಚಳದ ಹೊರಗೆ ಬರುವಷ್ಟು ಉದ್ದ ಇರಲಿ. ಲಂಗರು ಎಲ್ಲಾದರೂ ಸಿಕ್ಕಿಬಿದ್ದು ಬಿಟ್ಟೋಡಬೇಕಾದರೆ ಹೊರಗಿನಿಂದಲೇ ಕೊಯ್ಯಬಹುದು. ಮೂತಿಯಲ್ಲಿ ಲಂಗರನ್ನು ಹಿಡಿದಿಡುವ ಕಟ್ಟು ಒಂದೇ ಎಳೆತಕ್ಕೆ ಬಿಚ್ಚಬೇಕು. ಹಗ್ಗವನ್ನು ಸುರುಳಿ ಸುತ್ತಬೇಡಿ, ಗೋಜಲಾಗುತ್ತದೆ. ಅತ್ತಿಂದಿತ್ತ ಸಡಿಲ ಮಡಿಕೆಯಾಗಿ ಇಳಿಬಿಡಿ, ಮೇಲೆ ಲೈಫ್ ಜಾಕೆಟ್, ಬುತ್ತಿ, ಚಪ್ಪಲಿ ಏನೂ ತುರುಕಬೇಡಿ. ನಾನು ಈಗ ಐದೈದು ಮೀಟರಿಗೆ ಬಣ್ಣದ ದಾರ ಕಟ್ಟಿದ್ದೇನೆ, ಎಷ್ಟು ಹೋಯಿತು ಅಂತ ಕಣ್ಣಿಗೇ ಕಾಣುತ್ತದೆ. ಹುಡುಗ ಪ್ರತಿ ಸಲ ಹೊರಡುವ ಮೊದಲು ಮುಚ್ಚಳ ಎತ್ತಿ ಗಂಟು ಎಳೆದು ನೋಡುತ್ತಾನೆ. ನನ್ನ ಮೇಲೆ ಅವನಿಗೆ ನಂಬಿಕೆ ಹೋಗಿದೆ.

ಯಾರಿಗಾದರೂ ದೋಣಿ ಬೇಕಿದ್ದರೆ ನನಗೆ ಖಾಸಗಿಯಾಗಿ ಕೇಳಿ, ಯಾರ ಹತ್ತಿರ ಹೋಗಬಾರದು ಅಂತ ಹೇಳುತ್ತೇನೆ. ಇದನ್ನು ಇವತ್ತೇ ಬರೆಯಲು ಕಾರಣ ಇದೆ. ನಿನ್ನೆ ಅವರು ಇನ್ನೊಂದು ದೋಣಿ ಮಾರಾಟಕ್ಕೆ ಹಾಕಿದ್ದಾರೆ. ಆರು ಫೋಟೋ. ಎರಡನೆಯದರಲ್ಲಿ ಮೂತಿಯ ಮೇಲೆ ಬೆಳ್ಳಿ ಬಣ್ಣದ ಲಂಗರು ಮಲಗಿದೆ. ದೊಡ್ಡದು ಮಾಡಿ ನೋಡಿದೆ. ಕೇಬಲ್ ಟೈ ಈ ಸಲ ಕಪ್ಪು ಬಣ್ಣದ್ದು.