ಜಾಝ್ ಮರುಬಿಡುಗಡೆ ಪೆಟ್ಟಿಗೆಗಳು: ಯಾವ ವಯಸ್ಸಿಗೆ ವಿನೈಲ್, ಯಾವ ವಯಸ್ಸಿಗೆ ಸಿಡಿ?

ಹಳೆಯ ಜಾಝ್ ಧ್ವನಿಮುದ್ರಣಗಳನ್ನು ಒಟ್ಟುಗೂಡಿಸಿ ಮತ್ತೆ ಹೊರತಂದ ಪೆಟ್ಟಿಗೆಗಳನ್ನು ಸಂಗ್ರಹಿಸಹೊರಟವರು ಮೊದಲು ವಿನೈಲ್ (ಗ್ರಾಮಫೋನ್ ತಟ್ಟೆ) ಮತ್ತು ಸಿಡಿಗಳ ನಡುವೆ ಆಯ್ದುಕೊಳ್ಳಬೇಕಾಗುತ್ತದೆ. ಇಪ್ಪತ್ತರ ಹರೆಯದವರಿಗೆ ನಾನು ವಿನೈಲ್ ಅನ್ನೇ ಸೂಚಿಸುತ್ತೇನೆ. ಸುಮಾರು 20 ನಿಮಿಷಕ್ಕೆ ಒಂದು ಬದಿ ಮುಗಿದು, ಎದ್ದು ತಟ್ಟೆಯನ್ನು ಮಗುಚಬೇಕಾಗುವುದರಿಂದ, ಕೇಳುಗನಿಗೆ ಗಮನವಿಟ್ಟು ಕೇಳುವ ಅಭ್ಯಾಸ ತಾನಾಗಿಯೇ ಬರುತ್ತದೆ.

ನಲವತ್ತರ ಆಸುಪಾಸಿನಲ್ಲಿ, ಒಬ್ಬ ಕಲಾವಿದನ ಜನಪ್ರಿಯ ಆಲ್ಬಂಗಳೆಲ್ಲ ಪರಿಚಯವಾದ ಮೇಲೆ, ಸಂಪೂರ್ಣ ಧ್ವನಿಮುದ್ರಣಗಳ ಸಿಡಿ ಪೆಟ್ಟಿಗೆ ಹೆಚ್ಚು ಫಲ ಕೊಡುತ್ತದೆ. 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್‌ನಲ್ಲಿ ಪಿಯಾನೋ ವಾದಕ ಬಿಲ್ ಇವಾನ್ಸ್ ಮತ್ತು ಸಂಗಡಿಗರಿಬ್ಬರು ನುಡಿಸಿದ ಕಛೇರಿ 3 ಸಿಡಿಗಳಲ್ಲಿ, ನುಡಿಸಿದ ಕ್ರಮದಲ್ಲೇ ದೊರೆಯುತ್ತದೆ. ಲೋಟಗಳ ಕಿಣಿಕಿಣಿ, ಪಿಸುಮಾತುಗಳ ನಡುವೆ ಅದೇ ರಚನೆ ಮರಳಿ ಬಂದಾಗ ಆ ಸಂಗಡಿಗರಲ್ಲೊಬ್ಬರಾದ ಸ್ಕಾಟ್ ಲಾಫಾರೋ ಅವರ ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಬೇರೆಯೇ ಹಾದಿ ಹಿಡಿಯುವುದನ್ನು ಇಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1965ರಲ್ಲಿ ಷಿಕಾಗೋದ ಪ್ಲಗ್ಡ್ ನಿಕಲ್ ಕ್ಲಬ್‌ನಲ್ಲಿ ನೀಡಿದ ಕಛೇರಿಗಳ 8 ಸಿಡಿಗಳ ಪೆಟ್ಟಿಗೆ ಅದ್ಭುತವಾದರೂ, ಮೊದಲ ಖರೀದಿಗೆ ಅದು ಅತಿಯಾಯಿತು.

ಅರವತ್ತು ದಾಟಿದವರ ಲೆಕ್ಕಾಚಾರವೇ ಬೇರೆ. ವಯಸ್ಸಾದಂತೆ ಕಿವಿಗೆ ಎತ್ತರದ ಸ್ವರಗಳು ಕ್ಷೀಣಿಸುವುದರಿಂದ, ಯಾವ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಯನ್ನು ಹದಗೊಳಿಸುವ ಕೆಲಸ) ಶ್ರೇಷ್ಠವೆಂಬ ಸೂಕ್ಷ್ಮ ಜಗಳಕ್ಕಾಗಿ ಹಣ ಸುರಿಯಬೇಕಿಲ್ಲ. 180 ಗ್ರಾಂ ತೂಕದ 10 ವಿನೈಲ್ ತಟ್ಟೆಗಳೆಂದರೆ ಹೊದಿಕೆಯಿಲ್ಲದೆಯೇ 1.8 ಕಿಲೋ, ಮೇಲಿನ ಕಪಾಟಿನಿಂದ ಇಳಿಸುವಾಗ ಅದರ ಭಾರ ತಿಳಿಯುತ್ತದೆ. ಆದರೆ ಸಾಮಾನ್ಯ ಸಿಡಿಯ ಪುಸ್ತಿಕೆಯಲ್ಲಿ ಅಕ್ಷರಗಳು ಇರುವೆ ಸಾಲಿನಂತಿರುತ್ತವೆ. ಆದ್ದರಿಂದ ದೊಡ್ಡ ಅಳತೆಯ ಪುಸ್ತಿಕೆಯಿರುವ ಸಿಡಿ ಪೆಟ್ಟಿಗೆಯೇ ಅವರಿಗೆ ಹೊಂದುತ್ತದೆ.